ಸೈಕಲ್ ಏರಿದ ಬಸುರಿ ಬುತ್ತಿ

ಗುರುವಾರ ನಸುಕಿನಲ್ಲಿ ಕುಷ್ಟಗಿ ಬಿಟ್ಟೆವು. ಗಂಗಾವತಿ ಅಲ್ಲಿಂದ ನಲವತ್ತು ಮೈಲು. ಎದುರುಗಾಳಿ ಇಲ್ಲದಿದ್ದರೆ ಹೊತ್ತು ಮುಳುಗುವುದರೊಳಗೆ ಮುಟ್ಟುತ್ತೇವೆಂದು ಖಾದರಸಾಬರು ಹೇಳಿದ್ದರು. ಅವರು ಕುಷ್ಟಗಿಯಲ್ಲಿ ಸೈಕಲ್ ಬಾಡಿಗೆಗೆ ಕೊಡುವವರು, ಐವತ್ತು ದಾಟಿದವರು. ನಾನು ಹನುಮಸಾಗರದ ಸಾಲೆ ಮಾಸ್ತರ. ಬಾಡಿಗೆ ದಿನಕ್ಕೆ ನಾಲ್ಕಾಣೆ. ಯುದ್ಧ ನಡೆದಿತ್ತು, ಟೈರು ಟ್ಯೂಬು ಕಣ್ಣಿಗೂ ಬೀಳದ ಕಾಲ. ಸೈಕಲ್ಲನ್ನು ತಾಲೂಕಿನ ಆಚೆ ಕಳಿಸಲು ಅವರು ಸುತರಾಂ ಒಪ್ಪಲಿಲ್ಲ. ಕೊನೆಗೆ ಇನ್ನೊಂದು ಸೈಕಲ್ ಏರಿ ತಾವೇ ಜೊತೆಗೆ ಹೊರಟರು. ಅದು ನನ್ನ ಮೇಲಿನ ಪ್ರೀತಿಗಲ್ಲ, ಸೈಕಲ್ಲಿನ ಮೇಲಿನ ಪ್ರೀತಿಗೆ.

ಹೋಗಲೇಬೇಕಾಗಿದ್ದ ಕಾರಣ ನನ್ನ ಅಕ್ಕ ನೀಲವ್ವ. ಗಂಗಾವತಿಗೆ ಕೊಟ್ಟ ಮನೆಯಲ್ಲಿ ಅವಳಿಗೆ ಏಳು ತಿಂಗಳಾಗಿತ್ತು. ಶುಕ್ರವಾರ ಮಧ್ಯಾಹ್ನ ಕುಬಸ. ತವರಿನವರು ಹಸಿರು ಸೀರೆ, ಕುಪ್ಪಸದ ಖಣ, ಬಯಕೆಯ ಬುತ್ತಿ ತಂದು ಮಡಿಲು ತುಂಬಬೇಕು. ನಮ್ಮ ಅವ್ವ ತೀರಿ ಎರಡು ವರ್ಷವಾಗಿತ್ತು. ಅಪ್ಪನಿಗೆ ವಾತದ ಕಾಲು. ಅಕ್ಕನ ಮಾವ ಬರೆದ ಕಾಗದದಲ್ಲಿ ಅವಳು ಅನ್ನ ಮುಟ್ಟುತ್ತಿಲ್ಲ, ತಿಂದದ್ದು ನಿಲ್ಲುತ್ತಿಲ್ಲ, ದಿನೇ ದಿನೇ ಒಣಗುತ್ತಿದ್ದಾಳೆ ಎಂದಿತ್ತು. ಕೆಳಗೆ ಅಕ್ಕ ಒಂದೇ ಸಾಲು ಗೀಚಿದ್ದಳು: "ತಮ್ಮಾ, 'ನಿನ್ನ ತವರಾಗ ಬುತ್ತಿ ಕಟ್ಟೋರು ಯಾರ ಅದಾರ' ಅಂತ ಅತ್ತಿ ಕೇಳ್ತಾಳ." ಅದನ್ನು ಓದಿ ಎರಡು ದಿನ ನನಗೂ ಊಟ ಸೇರಲಿಲ್ಲ.

ಆದ್ದರಿಂದ ಸೀರೆ ಖಣ ಕೊಂಡು, ಬುತ್ತಿಯನ್ನು ನಾನೇ ಕಟ್ಟಿದೆ. ಸಜ್ಜೆರೊಟ್ಟಿ ಬಡಿದೆ, ಶೇಂಗಾ ಉಂಡೆ ಕಟ್ಟಿದೆ. ರೊಟ್ಟಿಗಳು ನಮ್ಮ ಸಾಲೆಯ ಗೋಡೆಯ ನಕಾಶೆಯಲ್ಲಿರುವ ದೇಶಗಳ ಹಾಗೆ ಒಂದೊಂದು ಒಂದೊಂದು ಆಕಾರಕ್ಕೆ ಬಂದವು. ಸರ್ವಿಸ್ ಮೋಟಾರಿನಲ್ಲಿ ಹೋಗೋಣವೆಂದರೆ ಪೆಟ್ರೋಲ್ ಇಲ್ಲದೆ ಅದು ಇದ್ದಿಲ ಹೊಗೆಯ ಮೇಲೆ ಓಡುತ್ತಿತ್ತು. ಏರು ಬಂದಲ್ಲಿ ಟಿಕೀಟು ಕೊಂಡವರೇ ಇಳಿದು ನೂಕಬೇಕು. ಆ ವಾರ ನೂಕಿದರೂ ಓಡದ ಸ್ಥಿತಿಗೆ ಬಂದಿತ್ತು.

ಚಳಿ ಚೆನ್ನಾಗಿತ್ತು. ಎರಡೂ ಕಡೆ ಜೋಳ ತೆನೆ ತೂಗುತ್ತಿತ್ತು. ನಾಲ್ಕು ಮೈಲಿಗೆ ಮೊದಲ ಹಳ್ಳಿ ಬಂತು. ಬಾವಿಯ ಹತ್ತಿರ ನೀರಿಗೆ ನಿಂತೆವು. ಕೊಡ ಹೊತ್ತ ಒಬ್ಬ ಮುದುಕಿ ನನ್ನ ಸೈಕಲ್ಲಿಗೆ ಕಟ್ಟಿದ ಗಂಟನ್ನು ನೋಡಿದಳು.

"ಯಾವೂರಿಗೆ ಹೊಂಟೀರಪಾ?"

"ಗಂಗಾವತಿಗೆ ಯವ್ವಾ. ನಮ್ಮ ಅಕ್ಕನ ಕುಬಸ ಐತಿ."

"ಬುತ್ತಿ ಕಟ್ಟಿದಾಕಿ ಯಾರು?"

"ನಾನ ಕಟ್ಟೀನಿ. ಅವ್ವ ಇಲ್ಲ."

ಮುದುಕಿ ಕೊಡ ಇಳಿಸಿ, ಗಂಟು ಬಿಚ್ಚಿಸಿ, ಒಂದು ಉಂಡೆ ತೆಗೆದು ಬಾವಿಯ ಕಟ್ಟೆಗೆ ಕುಟ್ಟಿದಳು. ಕಟ್ಟೆಯ ಗಾರೆ ಉದುರಿತು, ಉಂಡೆಗೆ ಏನೂ ಆಗಲಿಲ್ಲ. "ಇದನ್ನ ತಿಂದ್ರ ಬಸುರಿ ಹೆಣಮಗಳ ಹಲ್ಲ ಉಳ್ಯಾಂಗಿಲ್ಲೋ!" ಎಂದು ಮನೆಗೆ ನಡೆದಳು. ತಿರುಗಿ ಬಂದಾಗ ಕೈಯಲ್ಲಿ ಎಳ್ಳು ಹಚ್ಚಿದ ತೆಳುವಾದ ಸಜ್ಜೆರೊಟ್ಟಿಯ ಬುಟ್ಟಿ ಇತ್ತು. "ತಾಯಿಲ್ಲದ ಮಗಳ ಬುತ್ತಿ ನಮ್ಮ ಬಾಗಲಾ ಮುಂದ ಹಂಗ ದಾಟಬಾರದು. ಒಂದು ತುತ್ತರೆ ಕೂಡಿಸಿ ಕಳಸಬೇಕು. ಬರೂ ಮುಂದ ಬುಟ್ಟಿ ಕೊಟ್ಟು ಹೋಗು."

ಅವಳ ಹಿಂದೆಯೇ ಪಕ್ಕದ ಮನೆಯವಳು ಗುರೆಳ್ಳು ಚಟ್ನಿ ತಂದಳು. ಅವಳು ತಂದಳೆಂದು ಎದುರು ಮನೆಯವಳು ಒಂದು ಗಡಿಗೆ ಕೆನೆಮೊಸರು ತಂದಳು. ನಾವು ಆ ಊರು ಬಿಟ್ಟಾಗ ಬಿಸಿಲು ಏರಿತ್ತು. ಎರಡನೆಯ ಊರಿನಲ್ಲಿಯೂ ಇದೇ ಕಥೆ, ಮೂರನೆಯದರಲ್ಲಿಯೂ ಇದೇ. ನಾನು ಕೇಳಿದವರಿಗೆಲ್ಲ ಸತ್ಯ ಹೇಳುವ ಮನುಷ್ಯ, ಮಾಸ್ತರಿಕೆಯ ಚಟ. ಶೇಂಗಾಹೋಳಿಗೆ, ಮಾದೇಲಿ, ಕರ್ಚಿಕಾಯಿ, ಹುಣಸೆ ತೊಕ್ಕು ಒಂದೊಂದೇ ಏರಿ ಕೂತವು. ಮೂಗಿಗಿಂತ ಮೂಗುತಿ ಭಾರವಾಯಿತು. ಹಿಂದೆ ಗಂಟು, ಮುಂದೆ ಗಡಿಗೆ, ಹ್ಯಾಂಡಲ್ಲಿಗೆ ಬುಟ್ಟಿ. ನಡುವೆ ನನಗೆ ಜಾಗ ಸಾಲದೆ ಇಳಿದು ನೂಕತೊಡಗಿದೆ.

ಖಾದರಸಾಬರು ಸೈಕಲ್ ನಿಲ್ಲಿಸಿ ಖಡಾಖಂಡಿತವಾಗಿ ಹೇಳಿದರು: "ಮಾಸ್ತರ್ರ, ಮುಂದಿನ ಊರಾಗ ನಿಮ್ಮ ಅಕ್ಕ ಬಸರಿಲ್ಲ. ತಿಳೀತ? ಇದ್ರಾಗಿರೂದು ಸಾಲಿ ಕಾಗದ."

ತಿಳಿಯಿತು ಎಂದೆ. ಆದರೆ ಸಂಜೆಗೆ ತಾವರಗೇರಾ ಮುಟ್ಟಿದಾಗ ಗುಟ್ಟು ಬಿಟ್ಟವರು ಸ್ವತಃ ಅವರೇ. ಅಲ್ಲಿ ಅವರ ತಂಗಿಯ ಮನೆ. ಚಹಾದ ಬಟ್ಟಲು ಕೈಗೆ ಬಂದದ್ದೇ ತಡ, "ಮಾಸ್ತರ್ರ ಅಕ್ಕಾಗ ಏಳು ತಿಂಗಳ, ಪಾಪ, ಏನೂ ತಿನ್ನಾಂಗಿಲ್ಲಂತ" ಎಂದರು. ತಂಗಿ ಒಳಗೆ ಹೋದಳು. ತಮ್ಮ ಮನೆಯಲ್ಲಿ ಬೇಯಿಸಿದ್ದು ನಮ್ಮವರಿಗೆ ನಡೆಯುತ್ತದೋ ಇಲ್ಲವೋ ಎಂದು ಯೋಚಿಸಿ ಉತ್ತತ್ತಿ, ಒಣಕೊಬ್ಬರಿ, ಬೆಲ್ಲದ ಒಂದು ಚೀಲ ಕಟ್ಟಿಕೊಟ್ಟಳು. ಅದನ್ನು ಖಾದರಸಾಬರ ಸೈಕಲ್ಲಿಗೇ ಕಟ್ಟಿದೆ. ಒಂದೇ ದಿನದ ದಾರಿಯಲ್ಲಿ ಅರ್ಧವೂ ಮುಗಿದಿರಲಿಲ್ಲ. ಆ ಮನೆಯ ಪಡಸಾಲೆಯಲ್ಲಿಯೇ ಮಲಗಿದೆವು.

ಶುಕ್ರವಾರ ಕೋಳಿ ಕೂಗುವ ಮೊದಲೇ ಎದ್ದೆವು. ಮಧ್ಯಾಹ್ನದೊಳಗೆ ಮುಟ್ಟದಿದ್ದರೆ ಅಕ್ಕನ ಅತ್ತೆ ನೆರೆದ ಹೆಂಗಸರ ಮುಂದೆ ಏನೆನ್ನುತ್ತಾಳೋ ಎಂದು ನಿಲ್ಲದೆ ನೂಕುತ್ತಿದ್ದೆ. ಆ ಗಡಿಬಿಡಿಯಲ್ಲೇ ತಾಲೂಕಿನ ಗಡಿಯ ನಾಕಾದಲ್ಲಿ ಸಿಕ್ಕಿಬಿದ್ದೆವು. ಪರವಾನಗಿ ಇಲ್ಲದೆ ಧಾನ್ಯ ಸಾಗಿಸುವುದು ಆಗ ಬಂದಾಗಿತ್ತು. ನಾಕಾದ ಜವಾನ ಅಡ್ಡಗೋಲು ಇಳಿಸಿದ.

"ಏನೈತಿ ಇದರಾಗ?"

"ಸಾಲಿ ಕಾಗದ ಸರಕಾರ್," ಎಂದರು ಖಾದರಸಾಬರು.

ಜವಾನ ಗಂಟಿಗೆ ಮೂಗು ಹಚ್ಚಿದ. "ಕಾಗದಕ್ಕ ಬಳ್ಳೊಳ್ಳಿ ಒಗ್ಗರಣಿ ಯಾವಾಗಿಂದ ಹಾಕಾಕ ಹತ್ಯಾರ?"

ಎಲ್ಲವನ್ನೂ ಇಳಿಸಿ ನೆಲದ ಮೇಲೆ ಸಾಲಾಗಿ ಹಚ್ಚಿಸಿದ. ರೊಟ್ಟಿಯ ಬುಟ್ಟಿ ನೋಡಿ ಹುಬ್ಬೇರಿಸಿದ. "ಜ್ವಾಳಾ ಸಜ್ಜಿ ದಾಟಸೂದು ಬಂದ್ ಐತಿ. ರೊಟ್ಟಿ ಏನ್ ಮಣ್ಣಿಂದ ಮಾಡ್ಯಾರ?"

ಖಾದರಸಾಬರಿಗೆ ಸಿಟ್ಟು ನೆತ್ತಿಗೇರಿತು. "ಹಂಗಾರ ನನ್ನ ಹೊಟ್ಟ್ಯಾಗ ಮುಂಜಾನಿ ತಿಂದ ನಾಕು ರೊಟ್ಟಿ ಅದಾವ. ಅವನ್ನೂ ಜಪ್ತಿ ಮಾಡ್ರಿ. ಕುಂತ ಕಾಯ್ತೀನಿ!"

ಕೈಗೆ ಬಂದ ತುತ್ತು ಬಾಯಿಗೆ ಬರದಂತಾಗುವ ಲಕ್ಷಣ ಕಂಡಿತು. ನಾನು ಕೈ ಮುಗಿದು ಇದ್ದದ್ದನ್ನೆಲ್ಲ ಹೇಳಿದೆ: ಅವ್ವ ಇಲ್ಲದ್ದು, ಅಕ್ಕ ಉಣ್ಣದ್ದು, ಅತ್ತೆ ಅಂದದ್ದು. ಜವಾನನ ಮೀಸೆ ಇಳಿಯಿತು. "ಮೊದಲ ಹೇಳಬಾರದೇನ್ರಿ? ಬಸುರಿ ಬುತ್ತಿಗೆ ಸುಳ್ಳು ಹೇಳಿ ದಾಟಸ್ತೀರೇನು?" ಎಂದು ಬೈದು, ಹಿಂದಿನ ಮನೆಗೆ ಹೋಗಿ ಹೆಂಡತಿ ಹಾಕಿದ ಮಾವಿನಕಾಯಿ ಉಪ್ಪಿನಕಾಯಿಯ ಭರಣಿ ತಂದ. ಭರಣಿ ಒಂದು ಕೂಸಿನಷ್ಟು ಭಾರ ಇತ್ತು. ಖಾದರಸಾಬರು ಆಕಾಶ ನೋಡಿದರು.

ಅಲ್ಲಿಂದ ಗುಡ್ಡದ ದಾರಿ. ಬಂಡೆಯ ಮೇಲೆ ಬಂಡೆ, ಸಂದಿನಲ್ಲಿ ರಸ್ತೆ. ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎನ್ನುತ್ತಾರೆ. ನಾವು ಕನಕಗಿರಿ ದಾಟಿದಾಗ ಕಣ್ಣಿಗೆ ಬೆವರು ಇಳಿದು ಏನೂ ಕಾಣಲಿಲ್ಲ, ಕಾಲು ಇವೆಯೋ ಇಲ್ಲವೋ ಖಾತ್ರಿ ಇರಲಿಲ್ಲ. ಏರಿನಲ್ಲಿ ಒಬ್ಬರು ನೂಕಿದರೆ ಒಬ್ಬರು ಭರಣಿ ಹಿಡಿದುಕೊಳ್ಳುತ್ತಿದ್ದೆವು. ನಡುವೆ ಜಾಲಿಮುಳ್ಳು ತಾಗಿ ನನ್ನ ಹಿಂದಿನ ಟ್ಯೂಬು ಕೈಕೊಟ್ಟಿತು. ಮೊದಲೇ ಹದಿನಾಲ್ಕು ತ್ಯಾಪೆ ಹಾಕಿದ ಟ್ಯೂಬು. ಖಾದರಸಾಬರು ಅದನ್ನು ಎಳೆದು ತೆಗೆದು, ತಮ್ಮ ರುಮಾಲನ್ನೂ ಹೊಲದ ಒಣಸೊಪ್ಪೆಯನ್ನೂ ಟೈರಿನೊಳಗೆ ತುರುಕಿದರು. ಆ ಗಾಲಿ ಮುಂದೆ ತಿರುಗಲಿಲ್ಲ, ಕುಣಿಯಿತು.

ಇಳಿಜಾರು ಬಂತು, ಭರಣಿಯೊಡನೆ ಹೇಗೋ ಸೈಕಲ್ ಏರಿದೆ. ನನ್ನ ಬ್ರೇಕು ಹೆಸರಿಗೆ ಮಾತ್ರ ಇತ್ತು. "ಕೆರವು ಒತ್ತರಿ, ಗಾಲಿಗೆ ಕೆರವು ಒತ್ತರಿ!" ಎಂದು ಹಿಂದಿನಿಂದ ಕೂಗಿದರು. ಒತ್ತಿದೆ. ಕಾಲಿನ ಕೆರವು ಹಾರಿಹೋಯಿತು. ಆಮೇಲೆ ನಾನೂ ಹಾರಿ ಒಂದು ಜೋಳದ ಹೊಲದಲ್ಲಿ ಬಿದ್ದೆ. ಭರಣಿ ಎದೆಗವಚಿಕೊಂಡೇ ಬಿದ್ದಿದ್ದರಿಂದ ಅದು ಉಳಿಯಿತು, ಮೊಣಕಾಲು ಉಳಿಯಲಿಲ್ಲ. ಮೊಸರಿನ ಗಡಿಗೆ ಒಡೆದು ನನ್ನ ತಲೆಯ ಮೇಲೆಯೇ ಖಾಲಿಯಾಗಿತ್ತು. ಖಾದರಸಾಬರು ಓಡಿಬಂದು ಮೊದಲು ಸೈಕಲ್ ನೋಡಿದರು, ಆಮೇಲೆ ಬುತ್ತಿ ನೋಡಿದರು, ಕೊನೆಗೆ, "ನೀವು ಆರಾಮ್ ಅದೀರಿಲ್ರಿ?" ಎಂದು ಕೇಳಿದರು.

ಗಂಗಾವತಿಯ ಆ ಓಣಿಗೆ ಕಾಲಿಟ್ಟಾಗ ಹೊತ್ತು ನೆತ್ತಿಯ ಮೇಲಿತ್ತು. ಅಂಗಳದಲ್ಲಿ ಹೆಂಗಸರು ನೆರೆದಿದ್ದರು. ಅಕ್ಕ ಮಣೆಯ ಮೇಲೆ ತಲೆ ತಗ್ಗಿಸಿ ಕೂತಿದ್ದಳು. ಕೈಯ ಬಳೆಗಳು ಮೊಣಕೈವರೆಗೆ ಸರಿಯುವಷ್ಟು ಸೊರಗಿದ್ದಳು. ಅವಳ ಅತ್ತೆ ಬಾಗಿಲಲ್ಲಿ ನಿಂತು, ಮೊಸರು ಮಣ್ಣು ಮೆತ್ತಿದ ನನ್ನನ್ನೂ ರುಮಾಲಿಲ್ಲದ ಖಾದರಸಾಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಇಳಿಯುತ್ತಿದ್ದ ಗಂಟು, ಬುಟ್ಟಿ, ಚೀಲ, ಭರಣಿ ನೋಡಿದಳು. ಇಳಿಸುವುದು ಮುಗಿಯಲೇ ಇಲ್ಲ.

"ಇಷ್ಟೆಲ್ಲಾ ಯಾರ್ ಮಾಡ್ಯಾರ?" ಎಂದಳು.

ನಾನು ಸುಳ್ಳು ಹೇಳಬಹುದಿತ್ತು. ನಾಲಿಗೆ ಏಳಲಿಲ್ಲ. "ನಾ ಮಾಡಿದ್ದು ಉಂಡಿ, ಸೊಟ್ಟ ರೊಟ್ಟಿ ಅಷ್ಟ ಅವ್ವಾರ, ಉಂಡಿ ಕಡ್ಯಾಕ ಬರಾಂಗಿಲ್ಲ. ಉಳಿದದ್ದು ದಾರ್ಯಾಗಿನ ಊರಾನವರು ಕೊಟ್ಟದ್ದು," ಎಂದು ನಡೆದದ್ದನ್ನೆಲ್ಲ ಹೇಳಿದೆ. ನಾಕಾದ ಕಥೆಗೆ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಖಾದರಸಾಬರ ಹೊಟ್ಟೆಯ ಜಪ್ತಿಯ ಮಾತಿಗೆ ಅಕ್ಕನೂ ನಕ್ಕಳು. ನಗುತ್ತಲೇ ಕೈ ಚಾಚಿ ಒಂದು ಸಜ್ಜೆರೊಟ್ಟಿ ಮುರಿದಳು.

"ತಮ್ಮಾ, ಇದು ಯಾವೂರಿಂದು?"

"ಬಾವಿ ಕಟ್ಟಿ ಮುದುಕೀದು."

"ಇದು?"

"ತೊಕ್ಕು ಮೂರನೇ ಊರಿಂದು. ಉಪ್ಪಿನಕಾಯಿ ಜವಾನಂದು."

ಒಂದೊಂದನ್ನೂ ಕೇಳುತ್ತ ತಿಂದಳು. ಅಂಗಳವೆಲ್ಲ ಅವಳು ಉಣ್ಣುವುದನ್ನೇ ನೋಡಿತು. ತಿಂದದ್ದು ನಿಂತಿತು. ಆಗ ಅತ್ತೆ ಪಕ್ಕದವಳಿಗೆ ಕೇಳುವಂತೆ ಅಂದಳು: "ನಮ್ಮ ಸೊಸಿ ತವರು ಅಂದ್ರ ಏನಂತ ತಿಳದೀ? ಹನುಮಸಾಗರದಿಂದ ಹಿಡದು ನಮ್ಮ ಓಣಿ ತನಕ ಐತಿ!" ಇದೇ ಬಾಯಿ ಕಾಗದದಲ್ಲಿದ್ದ ಆ ಇನ್ನೊಂದು ಮಾತನ್ನೂ ಆಡಿತ್ತೆಂದು ನನಗೆ ನಂಬಲಾಗಲಿಲ್ಲ.

ಮರುದಿನ ಬೆಳಗ್ಗೆ ಹಗುರಾಗಿ ಹೋಗಬಹುದೆಂದು ಖಾದರಸಾಬರು ಖುಷಿಯಲ್ಲಿ ಗಾಲಿ ಒರೆಸುತ್ತಿದ್ದರು. ಅತ್ತೆ ಹೊರಬಂದಳು. ಕೊಟ್ಟವರ ಪಾತ್ರೆ ಬರಿದು ಕಳಿಸುವ ಪದ್ಧತಿ ನಮ್ಮ ಕಡೆ ಎಲ್ಲಿದೆ? ಬುಟ್ಟಿಗೆ ಚಕ್ಕುಲಿ, ತೊಕ್ಕಿನ ಡಬ್ಬಿಗೆ ಬೆಲ್ಲ, ಒಡೆದ ಗಡಿಗೆಯ ಬದಲು ಹೊಸ ಗಡಿಗೆಗೆ ತುಪ್ಪ, ಜವಾನನ ಭರಣಿಗೆ ಕಂಠಮಟ್ಟ ನೆಲ್ಲಿಕಾಯಿ ಉಪ್ಪಿನಕಾಯಿ. "ಊರೂರಿಗೂ ನಿಂತು ಕೊಟ್ಟು ಹೋಗ್ರಿ," ಎಂದಳು. ಖಾದರಸಾಬರು ಗಾಲಿ ಒರೆಸುವುದನ್ನು ಬಿಟ್ಟು ಅಲ್ಲೇ ಕುಕ್ಕರಿಸಿದರು.

ನೂಕುತ್ತ ಹೊರಟೆವು. ಓಣಿಯ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಅಕ್ಕ ಹಸಿರು ಸೀರೆಯಲ್ಲಿ ಹೊಸ್ತಿಲ ಮೇಲೆ ನಿಂತಿದ್ದಳು. ಹೋಗಿ ಬಾ ಎನ್ನಲು ಬಾಯಿ ತೆರೆದಳು, ಆಗಲಿಲ್ಲ. ಎರಡೂ ಗಲ್ಲ ಉಬ್ಬುವಷ್ಟು ತುತ್ತು ತುಂಬಿಕೊಂಡಿದ್ದಳು. ಕೈಯಲ್ಲಿದ್ದ ಅರ್ಧ ಹೋಳಿಗೆಯನ್ನೇ ಎತ್ತಿ ಬೀಸಿದಳು.