ಟೋಸ್ಟ್ ಬರಲಿಲ್ಲ

ಚಹಾದಲ್ಲಿ ಅದ್ದಿ ತಿನ್ನುವ ಟೋಸ್ಟಿನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಬೇಗಂ ಬಜಾರಿಗೆ ಹೋದಾಗಲೆಲ್ಲ ತರುತ್ತಿದ್ದೆವು, ನಮ್ಮ ತಾರ್ನಾಕದ ಮನೆಯ ಸ್ಟೀಲ್ ಡಬ್ಬಿಯಲ್ಲಿ ಅದು ಸದಾ ಇರುತ್ತಿತ್ತು. ನನ್ನ ಹೊಟ್ಟೆ ಉರಿಸಿದ್ದು ಇನ್ನೊಂದು ಟೋಸ್ಟು, ಮೊಬೈಲ್ ಆ್ಯಪಿನದು.

ಆಗ ಹೈದರಾಬಾದಿನ ಗೋಡೆ, ಕಂಬ, ಬಸ್ಸಿನ ಸೀಟಿನ ಬೆನ್ನು, ಎಲ್ಲಿ ನೋಡಿದರೂ ಆ್ಯಪ್ ಮಾಡಲು ಕಲಿಸುತ್ತೇವೆ ಎಂಬ ಜಾಹೀರಾತು. ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ, ಮಗಳನ್ನು ಹೆತ್ತು ಮನೆಯಲ್ಲೇ ಉಳಿದಿದ್ದ ನಾನೂ ನಾರಾಯಣಗೂಡದ ಒಂದು ಕೋಚಿಂಗ್ ಸೆಂಟರಿಗೆ ಸೇರಿದೆ. ಮಗಳನ್ನು ನೋಡಿಕೊಳ್ಳಲು ಸೇಡಂನಿಂದ ಅತ್ತೆ ಬಂದಿದ್ದರು. ಆದರೆ ನಾದಿನಿಯ ಹೆರಿಗೆ ಹತ್ತಿರ ಬಂದಿತ್ತು, ಅತ್ತೆ ಊರಿಗೆ ಹೋಗಲೇಬೇಕು. ಅಷ್ಟರೊಳಗೆ ಕೆಲಸ ಸಿಕ್ಕರೆ ಮಗುವಿಗೆ ಒಬ್ಬ ಆಯಾಳನ್ನು ಇಟ್ಟುಕೊಳ್ಳಬಹುದು, ಸಿಗದಿದ್ದರೆ ನನಗೆ ಮತ್ತೆ ಅದೇ ನಾಲ್ಕು ಗೋಡೆ. ಗಂಡನನ್ನು ಕೇಳಿದರೆ "ನೋಡೂಣು" ಎನ್ನುತ್ತಿದ್ದರು. ನೋಡೂಣು ಎಂದ ಗಂಡಸು ಆಮೇಲೆ ನೋಡಿದ್ದನ್ನು ನಾನಂತೂ ಕಂಡಿಲ್ಲ.

ಕ್ಲಾಸಿನಲ್ಲಿ ಪಾಠ ಅರ್ಧ ತೆಲುಗು, ಅರ್ಧ ಇಂಗ್ಲಿಷ್. ನನಗೆ ಎರಡೂ ಅರ್ಧರ್ಧ ಬರುತ್ತಿದ್ದವು. ಲೆಕ್ಕದ ಪ್ರಕಾರ ಪೂರ್ತಿ ತಿಳಿಯಬೇಕಿತ್ತು, ತಿಳಿಯಲಿಲ್ಲ. ಆಕ್ಟಿವಿಟಿ ಎಂದರೆ ಚಟುವಟಿಕೆ ಅಂದುಕೊಂಡೆ. ಅಲ್ಲವಂತೆ, ಅದು ಆ್ಯಪಿನ ಒಂದು ಪರದೆ, ಅಷ್ಟೇ. ಇಂಟೆಂಟ್ ಎಂದರೆ ಉದ್ದೇಶ ಅಂದುಕೊಂಡೆ. ಅದೂ ಅಲ್ಲ, ಒಂದು ಪರದೆಯಿಂದ ಇನ್ನೊಂದನ್ನು ತೆರೆಯಲು ಕಳಿಸುವ ಸಂದೇಶ. ಶಾಲೆಯಲ್ಲಿ ಏಟು ತಿಂದು ಕಲಿತ ಇಂಗ್ಲಿಷ್ ಪದಗಳೆಲ್ಲ ಇಲ್ಲಿ ಬೇರೆ ಅರ್ಥ ಹೊತ್ತು ಕೂತಿದ್ದವು. ಸಿಟ್ಟು ಬರದೆ ಇನ್ನೇನು?

ಪುಣ್ಯಕ್ಕೆ ಕಲಿಸುವ ಮೇಷ್ಟ್ರು ಮೈಸೂರಿನ ಯುವಕ. ನನ್ನ ಮುಖ ನೋಡಿ ಕನಿಕರ ಬಂದಿರಬೇಕು, ಕ್ಲಾಸ್ ಮುಗಿದ ಮೇಲೆ ಸ್ವಲ್ಪ ಹೊತ್ತು ಕನ್ನಡದಲ್ಲಿ ಹೇಳಿಕೊಡುತ್ತಿದ್ದರು.

"ಮೇಡಂ, ಬಟನ್ ಇಟ್ಟ ಮಾತ್ರಕ್ಕೆ ಆಗಲ್ಲ. ಅದನ್ನ ಒತ್ತಿದಾಗ ಕೇಳಿಸ್ಕೊಳ್ಳೋಕೆ ಯಾರಾದ್ರೂ ಬೇಕಲ್ವಾ? ಅದೇ ಲಿಸನರ್."

ಇಷ್ಟೇನಾ ಅನ್ನಿಸಿತು. ಕನ್ನಡದಲ್ಲಿ ಹೇಳಿದರೆ ಎಲ್ಲವೂ ಇಷ್ಟೇ ಆಗಿರುತ್ತಿತ್ತು. ಸಂಜೆ ಮನೆಗೆ ಬಂದು, ಮೆಂತ್ಯೆ ಸೊಪ್ಪು ಬಿಡಿಸುತ್ತ ಕೂತ ಅತ್ತೆಗೆ ಅದನ್ನೇ ಒಪ್ಪಿಸುತ್ತಿದ್ದೆ. ನಾನು ಹೇಳಿದ್ದನ್ನು ಕೇಳಿಸಿಕೊಳ್ಳಲು ಮನೆಯಲ್ಲಿ ಬೇರೆ ಯಾರಿದ್ದರು?

"ಬಟನ್ ಒತ್ತಿದ್ರ ಕೆಳಗ ಸಣ್ಣದೊಂದು ಮಾತು ಕಾಣ್ತೈತಿರಿ. ಅದಕ್ಕ ಟೋಸ್ಟ್ ಅಂತಾರ," ಎಂದೆ ಒಂದು ದಿನ.

"ಟೋಸ್ಟ್ ಅಂದ್ರ ಚಹಾದಾಗ ಅದ್ದೂದಲ್ಲೇನು?"

"ಅದಲ್ರಿ ಅತ್ತಿ. ಇದು ಜರಾ ಹೊತ್ತು ಇದ್ದು ತಾನ ಹೋಗಿಬಿಡ್ತೈತಿ."

"ಅದೂ ಹಂಗ ಅಲ್ಲೇನು ಮತ್ತ? ಜರಾ ತಡಾ ಮಾಡಿದ್ರ ಕಪ್ಪಿನಾಗ ಮುಳುಗಿರ್ತೈತಿ," ಎಂದು ಅತ್ತೆ ನಕ್ಕರು.

ನಾನು ಮೊದಲ ಸಲ ಸ್ವಂತ ಮಾಡಿದ ಆ್ಯಪಿನಲ್ಲಿ ಇದ್ದದ್ದು ಒಂದೇ ಬಟನ್. ಒತ್ತಿದರೆ ಹಲೋ ಎಂದು ಬರಬೇಕು. ಒತ್ತಿದೆ, ಬರಲಿಲ್ಲ. ಜೋರಾಗಿ ಒತ್ತಿದೆ, ಆಗಲೂ ಇಲ್ಲ. ಆ್ಯಪ್ ಮುಚ್ಚಿಕೊಂಡು ಹೋಗಿದ್ದರೆ ಎಲ್ಲೋ ತಪ್ಪಾಗಿದೆ ಎನ್ನಬಹುದಿತ್ತು. ಅದು ಯಾವ ತಪ್ಪನ್ನೂ ತೋರಿಸದೆ ತೆಪ್ಪಗೆ ಕೂತಿತ್ತು. ಮೇಷ್ಟ್ರು ಬಂದು ನೋಡಿದರು.

"ಮಾತು ರೆಡಿ ಮಾಡಿದ್ದೀರ ಮೇಡಂ, ಅದನ್ನ ತೋರಿಸು ಅಂತ ಹೇಳೇ ಇಲ್ಲ. ಕೊನೇಲಿ ಶೋ ಅಂತ ಬರೀಬೇಕು. ಹೊಸಬರೆಲ್ಲಾ ಮಾಡೋ ತಪ್ಪೇ ಇದು."

ಶೋ ಎಂದು ಬರೆದೆ. ಹಲೋ ಬಂತು. ಸಂಜೆ ಅತ್ತೆಗೆ ಇದನ್ನೂ ಹೇಳಿದೆ. ಅವರು ಸ್ವಲ್ಪ ಯೋಚಿಸಿ, "ಅಂದ್ರ ಟೋಸ್ಟ್ ಡಬ್ಬ್ಯಾಗ ಐತಿ, ಬಶಿಗೆ ಹಾಕಿಲ್ಲ," ಎಂದರು. ಬಶಿ ಎಂದರೆ ನಮ್ಮ ಕಡೆ ಕಪ್ಪಿನ ಕೆಳಗಿನ ತಟ್ಟೆ. ಅಂದಿನಿಂದ ನನ್ನ ತಲೆಯಲ್ಲಿ ಆ ಪಾಠ ಡಬ್ಬಿ ಮತ್ತು ಬಶಿಯ ರೂಪದಲ್ಲೇ ಉಳಿಯಿತು.

ಕೋರ್ಸ್ ಮುಗಿದ ಮೇಲೆ ನನಗೆ ಬಂದದ್ದು ಒಂದೇ ಇಂಟರ್‌ವ್ಯೂ, ಅದೂ ಫೋನಿನಲ್ಲಿ. ಮರುದಿನವೇ ಅತ್ತೆ ಊರಿಗೆ ಹೊರಡುವವರು, ಅವರ ಬ್ಯಾಗು ಬಾಗಿಲ ಹತ್ತಿರ ತಯಾರಾಗಿ ಕೂತಿತ್ತು. ಸೀಟಿಯ ಸದ್ದಿನಿಂದ ನನಗೆ ತೊಂದರೆ ಆದೀತೆಂದು ಅವತ್ತು ಅವರು ಕುಕ್ಕರ್ ಕೂಡ ಇಡಲಿಲ್ಲ. ಮಗಳನ್ನು ಎತ್ತಿಕೊಂಡು ಒಳಗಿನ ಕೋಣೆ ಸೇರಿ ಬಾಗಿಲು ಹಾಕಿಕೊಂಡರು.

ಫೋನಿನಲ್ಲಿದ್ದದ್ದು ಒಬ್ಬ ಹೆಂಗಸು, ಮೆತ್ತಗಿನ ದನಿ, ಎಲ್ಲ ಇಂಗ್ಲಿಷ್. ನನ್ನ ಬಗ್ಗೆ ಕೇಳಿದರು, ಬಾಯಿಪಾಠ ಮಾಡಿದ್ದೆ, ಹೇಳಿದೆ. ಆಕ್ಟಿವಿಟಿ ಎಂದರೇನು ಎಂದರು. ಅದೂ ಬಾಯಿಪಾಠ. ಆಮೇಲೆ ಕೇಳಿದರು: ಒಂದು ಟೋಸ್ಟ್ ಬರೆದಿದ್ದೇನೆ, ಆ್ಯಪ್ ಸರಿಯಾಗಿ ನಡೆಯುತ್ತದೆ, ಯಾವ ಎರರ್ ಕೂಡ ಇಲ್ಲ, ಆದರೂ ಮೆಸೇಜ್ ಕಾಣುವುದಿಲ್ಲ, ಯಾಕೆ?

ನನಗೆ ಗೊತ್ತಿತ್ತು. ಗೊತ್ತಿತ್ತು ಎಂದರೆ ಎಷ್ಟು ಗೊತ್ತಿತ್ತು! ಖುಷಿಗೆ ಕುರ್ಚಿಯಿಂದ ಎದ್ದೇ ನಿಂತೆ. ಶೋ ಎಂಬ ಒಂದು ಪದ ಸಾಕಾಗಿತ್ತು. ಆದರೆ ಒಂದೇ ಪದ ಹೇಳಿದರೆ ಇವಳಿಗೆ ಇಂಗ್ಲಿಷ್ ಬರುವುದಿಲ್ಲ ಅಂದುಕೊಂಡಾರು, ಪೂರ್ತಿ ವಾಕ್ಯದಲ್ಲೇ ಹೇಳಬೇಕು ಎಂದು ವಾಕ್ಯ ಕಟ್ಟಲು ಹೊರಟೆ. ಮೆಸೇಜ್ ಈಸ್ ಎನ್ನಬೇಕೋ, ಮೆಸೇಜ್ ವಾಸ್ ಎನ್ನಬೇಕೋ? ಎದುರಿಗೆ ಸ್ಟೀಲ್ ಡಬ್ಬಿ ಕಾಣುತ್ತಿತ್ತು. ತಲೆಯೊಳಗೆ ಡಬ್ಬಿಯೂ ಬಶಿಯೂ ಬಂದು ನಿಂತವು, ಇಂಗ್ಲಿಷ್ ಬಂದು ನಿಲ್ಲಲಿಲ್ಲ. ಬಾಯಿ ತೆರೆದೆ, ಮುಚ್ಚಿದೆ.

"ಹಲೋ? ಆರ್ ಯು ದೇರ್?" ಎಂದಿತು ಆ ಕಡೆಯ ದನಿ.

"ಯಸ್," ಎಂದೆ. ಅದೊಂದೇ ಬಂತು.

ಅವರು ಪಾಪ ಇನ್ನೂ ಸ್ವಲ್ಪ ಕಾದರು. ಆಮೇಲೆ ಥ್ಯಾಂಕ್ಯೂ ಹೇಳಿ, ತಿಳಿಸುತ್ತೇವೆ ಎಂದು ಫೋನಿಟ್ಟರು. ನನಗೆ ಅಳು ಬಂತು. ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ ಇನ್ನೂ ಅಳು ಬಂತು.

ಅತ್ತೆ ಬಾಗಿಲು ತೆರೆದು ಬಂದರು. "ಏನ್ ಕೇಳಿದ್ರವಾ?" ಎಂದರು.

ಹೇಳಿದೆ. ಎಲ್ಲಿಯೂ ತಡವರಿಸದೆ, ಪ್ರಶ್ನೆ ಏನು, ಉತ್ತರ ಏನು, ಶೋ ಎಂಬುದು ಯಾಕೆ ಬೇಕು, ಅದಿಲ್ಲದಿದ್ದರೆ ಎರರ್ ಯಾಕೆ ಬರುವುದಿಲ್ಲ, ಎಲ್ಲವನ್ನೂ ಗಡಗಡ ಹೇಳಿ ಮುಗಿಸಿದೆ. ಅತ್ತೆಯ ಮುಖ ಅರಳಿತು.

"ಅಬಾ, ಎಷ್ಟು ಛಲೋ ಹೇಳ್ದಿ! ಆಕಿಗೂ ಹಿಂಗ ಹೇಳಿದ್ಯಲ್ಲಾ?"

ನಾನು ಕಣ್ಣು ಒರೆಸಿಕೊಂಡೆ. ಅವರು ನನ್ನ ಮುಖ ನೋಡಿದರು, ಮೇಜಿನ ಮೇಲಿನ ಫೋನ್ ನೋಡಿದರು. ಮಗಳನ್ನು ನನ್ನ ಕೈಗೆ ಕೊಡುತ್ತ ಮೆಲ್ಲಗೆ ಕೇಳಿದರು:

"ಡಬ್ಬ್ಯಾಗ ಉಳೀತೇನವಾ?"

"ಹೂಂ ರೀ," ಎಂದೆ.

ಮರುದಿನ ಬೆಳಿಗ್ಗೆ ಅವರನ್ನು ಸೇಡಂ ಗಾಡಿ ಹತ್ತಿಸಿ, ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಮನೆಗೆ ಬಂದೆ.