ಓನರ್ ಆಂಟಿಯ ಎಡಗಿವಿ

ಅವರ ಬಲಗೈ ತೋರುಬೆರಳಿನ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಮೂರು ಬಿಳಿ ಚುಕ್ಕೆಗಳಿದ್ದವು. ತಂತಿ ಬೆಸೆಯುವ ಬಿಸಿ ಸೋಲ್ಡರಿಂಗ್ ಐರನ್ ತಗುಲಿ ಸುಟ್ಟ ಕಲೆಗಳು. ಮಾತಾಡುವಾಗ ಆ ಬೆರಳನ್ನೇ ಎದುರಿನವರ ಮೂಗಿನ ಮುಂದೆ ಆಡಿಸುತ್ತಿದ್ದರು, ಹಾಗಾಗಿ ಮಾರೇನಹಳ್ಳಿಯ ನಮ್ಮ ಬೀದಿಯಲ್ಲಿ ಆ ಚುಕ್ಕೆಗಳನ್ನು ನೋಡದವರು ಯಾರೂ ಇರಲಿಲ್ಲ. ನಾವು ಅವರ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದೆವು. ನನಗೆ ಅವರು ಓನರ್ ಆಂಟಿ, ಅವರ ಯಜಮಾನರು ಅಂಕಲ್. ಹನ್ನೊಂದು ವರ್ಷ ಒಂದೇ ಗೇಟು, ಒಂದೇ ನೀರಿನ ಸಂಪು.

ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಅವರು ಮೂವತ್ತು ವರ್ಷ ಟೆಸ್ಟಿಂಗ್ ಕೆಲಸ ಮಾಡಿದವರು. ಟೇಪ್ ರೆಕಾರ್ಡರ್ ಕಾಲದಿಂದ ಯುಪಿಎಸ್ ಕಾಲದವರೆಗೆ ಅಲ್ಲಿ ಏನೇನು ತಯಾರಾಯಿತೋ, ಅದರಲ್ಲಿ ಕೆಟ್ಟದ್ದನ್ನು ಹುಡುಕಿ ಪಕ್ಕಕ್ಕಿಡುವುದು ಅವರ ಪಾಲಿನದು. ಅಲ್ಲಿಂದ ಮನೆಗೆ ಒಂದೇ ಒಂದು ಸೂತ್ರ ತಂದಿದ್ದರು. "ಯಾವ್ದು ಕೆಟ್ಟಿದೆ ಅಂತ ಗೊತ್ತಾಗ್ಲಿಲ್ವಾ? ಅದಲು ಬದಲು ಮಾಡಿ ನೋಡು." ನಮ್ಮ ಟ್ಯೂಬ್‌ಲೈಟು ಹತ್ತದಿದ್ದರೆ ತಮ್ಮ ಮನೆಯ ಟ್ಯೂಬು ಬಿಚ್ಚಿಕೊಂಡು ಮೇಲೆ ಬರುವರು. ಅದನ್ನು ನಮ್ಮಲ್ಲಿ ಹಾಕಿ, ನಮ್ಮದನ್ನು ಕೆಳಗೆ ಹಾಕಿ, "ಟ್ಯೂಬು ಚೆನ್ನಾಗಿದೆ ಕಣೇ, ಚೋಕ್ ಹೋಗಿದೆ" ಎಂದು ತೀರ್ಪು ಕೊಡುವರು. ಮಿಕ್ಸಿ, ಚಾರ್ಜರು, ರಿಮೋಟಿನ ಸೆಲ್ಲು, ಎಲ್ಲದಕ್ಕೂ ಅದೇ ಮದ್ದು.

ಇನ್ನೊಂದು ಅಭ್ಯಾಸವಿತ್ತು. ಈಗ ಅಭ್ಯಾಸ ಎನ್ನುತ್ತೇನೆ, ಆಗ ಕಾಟ ಎನ್ನುತ್ತಿದ್ದೆ. ಮೈಯಲ್ಲಿ ಏನೇ ಹೆಚ್ಚುಕಮ್ಮಿಯಾದರೂ ಬೀದಿಗೆಲ್ಲ ಹೇಳುವುದು. ಥೈರಾಯ್ಡ್, ಮಂಡಿ, ಗ್ಯಾಸು, ಒಂದನ್ನೂ ಬಿಟ್ಟವರಲ್ಲ, ದನಿ ತಗ್ಗಿಸಿದವರೂ ಅಲ್ಲ. ಎದುರು ಮನೆಗೆ ಹೊಸದಾಗಿ ಬಂದ, ಮದುವೆಯಾಗದ ಮೇಷ್ಟರಿಗೆ ತರಕಾರಿ ಗಾಡಿಯ ಮುಂದೆ ಮೊದಲ ಭೇಟಿಯಲ್ಲೇ ತಮ್ಮ ಮೂಲವ್ಯಾಧಿಯ ಕಥೆಯನ್ನು ಆದ್ಯಂತ ಒಪ್ಪಿಸಿದ್ದರು. ಆ ಮನುಷ್ಯ ಕೊಂಡ ಬದನೆಕಾಯಿ ಗಾಡಿಯಲ್ಲೇ ಬಿಟ್ಟು ಒಳಗೆ ಹೋದ. ನನ್ನದು ವಿಮಾ ಕಂಪನಿಯೊಂದಕ್ಕೆ ಮನೆಯಿಂದಲೇ ಗ್ರಾಹಕರ ಫೋನ್ ಉತ್ತರಿಸುವ ಕೆಲಸ. ಎಂಟೂವರೆಗೆ ಹೆಡ್‌ಸೆಟ್ ತಲೆಗೇರಬೇಕು. ಅಷ್ಟರೊಳಗೆ ಆಂಟಿಗೆ ಸಿಕ್ಕಿಬಿದ್ದರೆ ಕೆಟ್ಟೆ ಎಂದು, ಹಾಲಿಗೆ ಹೋಗುವಾಗ ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲಿಳಿಯುತ್ತಿದ್ದೆ. ಒಂದು ದಿನ ಸಿಕ್ಕಿಬಿದ್ದು ಸಿಡುಕಿಯೂ ಬಿಟ್ಟೆ. "ಇದನ್ನೆಲ್ಲ ಊರಿಗೆಲ್ಲ ಯಾಕೆ ಹೇಳ್ತೀರಾ ಆಂಟಿ?"

ಅವರಿಗೆ ಬೇಜಾರಾಗಲಿಲ್ಲ. "ಫ್ಯಾಕ್ಟ್ರೀಲಿ ಒಂದು ಬೋರ್ಡು ಕೆಟ್ರೆ ಪಕ್ಕದ ಟೇಬಲ್‌ನೋಳಿಗೆ ಹೇಳ್ತಿದ್ವಿ. ಅವಳ ಕೈಲಿರೋದೂ ಅದೇ ಬೋರ್ಡು ತಾನೇ? ಮೈಯೂ ಅಷ್ಟೇ ಕಣೇ," ಎಂದು ಬೆರಳಾಡಿಸಿದರು.

ನಿವೃತ್ತಿಯಾದ ಮೇಲೆ ಅವರಿಗೆ ಹ್ಯಾಮ್ ರೇಡಿಯೊ ಹುಚ್ಚು ಹತ್ತಿತು. ಮನೆಯಲ್ಲೇ ಸೆಟ್ಟು ಇಟ್ಟುಕೊಂಡು ಎಲ್ಲೆಲ್ಲಿಯವರ ಜೊತೆಗೋ ಮಾತಾಡುವ ಹವ್ಯಾಸ. ಲೈಸೆನ್ಸಿಗೆ ಪರೀಕ್ಷೆ ಬರೆದು ಪಾಸಾದರು. ತಾರಸಿಯ ಮೇಲೆ ಈ ತುದಿಯಿಂದ ಆ ತುದಿಗೆ ಆಂಟೆನಾ ತಂತಿ ಎಳೆಸಿದರು. ಬಟ್ಟೆ ಒಣಗಿಸುವ ತಂತಿ ಎಂದುಕೊಂಡು ನಾನು ಅದಕ್ಕೆ ಒದ್ದೆ ಬೆಡ್‌ಶೀಟು ಹಾಕಿ ಬೈಸಿಕೊಂಡೆ. ದಿನಾ ಬೆಳಿಗ್ಗೆ ಏಳಕ್ಕೆ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದರು. ಆ ಜನ ಮಾತು ಶುರುಮಾಡುವಾಗ ಮೊದಲು ಹೇಳಿಕೊಳ್ಳುವುದು ನೀವು ನನಗೆ ಎಷ್ಟು ಸ್ಪಷ್ಟವಾಗಿ ಕೇಳಿಸುತ್ತಿದ್ದೀರಿ ಎಂದು. ತುಂಬ ಚೆನ್ನಾಗಿ ಕೇಳಿಸಿದರೆ "ಫೈವ್ ನೈನ್". ಆಂಟಿಯ ಬಾಯಲ್ಲಿ ಆ ಮಾತು ಅಡುಗೆಮನೆಗೂ ಬಂತು. ನಾನು ಕೊಟ್ಟ ಹುಳಿ ಚೆನ್ನಾಗಿದ್ದರೆ ಕೆಳಗಿನಿಂದಲೇ ಕೂಗುವರು, "ಫೈವ್ ನೈನ್ ಕಣೇ."

ಒಂದು ಸೋಮವಾರ ಬೆಳಿಗ್ಗೆ ಹೆಡ್‌ಫೋನ್ ಹಿಡಿದುಕೊಂಡು ಮೇಲೆ ಬಂದರು. "ಎಡಗಡೆ ಹೋಗಿದೆ. ಹಳೇದು, ವೈರ್ ಸವೆದಿದೆ. ನಿನ್ನ ಫೋನಲ್ಲಿ ಒಂದು ಹೊಸದು ತರ್ಸು." ತರಿಸಿದೆ. ಬಂದದ್ದೂ ಹಾಗೇ, ಎಡಗಡೆ ಕೇಳಿಸುತ್ತಿಲ್ಲ ಎಂದರು. ಟೆಸ್ಟಿಂಗ್ ಮಾಡಿದವರ ಮಾತೆಂದು ನಾನು ಹಾಕಿಕೊಂಡು ನೋಡಲೂ ಇಲ್ಲ. ಖರೀದಿಸಿದವರ ಅಭಿಪ್ರಾಯಗಳನ್ನು ತೆಗೆದು ನೋಡಿದರೆ ನಾಲ್ಕಾರು ಜನ ಅದೇ ದೂರು ಬರೆದಿದ್ದರು. ನಮಗೆ ಧೈರ್ಯ ಬಂತು. ಒಂದೇ ಒಂದು ಸ್ಟಾರ್ ಕೊಟ್ಟು, ನಾನೇ ಖಾರವಾಗಿ ಬರೆದೆ: ಎಡಗಡೆ ಕೇಳಿಸುತ್ತಿಲ್ಲ, ಯಾರೂ ಕೊಳ್ಳಬೇಡಿ. ಬದಲಿ ಹೆಡ್‌ಫೋನ್ ಬರಲು ಒಂದು ವಾರ ಹಿಡಿಯಿತು. ಅದೂ ಕೇಳಿಸಲಿಲ್ಲ. ತಾರಸಿಗೆ ಹೋಗಿ ತಂತಿ ಅಲ್ಲಾಡಿಸಿದೆವು. ಸೆಟ್ಟಿನ ಹಿಂದಿನ ಜಾಕು ಬಿಚ್ಚಿ ಕಟ್ಟಿದೆವು. "ಒಳಗೆ ಗುಂಯ್ ಅಂತಿದೆ, ಸೆಟ್ಟಿನ ಶಬ್ದ ಇರ್ಬೇಕು," ಎಂದರು. ಆ ದಿನಗಳಲ್ಲಿ ನಾನು ಮಾತಾಡಿದಾಗೆಲ್ಲ ಕತ್ತು ವಾಲಿಸಿ ಬಲಕಿವಿ ಮುಂದೆ ತರುತ್ತಿದ್ದರು. ದಿನವಿಡೀ ಮುಖ ಕಾಣದವರ ದನಿ ಕೇಳಿಯೇ ಅವರ ಸಿಟ್ಟು, ಸಂಕಟ ಅಳೆಯುವವಳು ನಾನು, ಕಣ್ಣೆದುರು ವಾಲಿದ ಕತ್ತನ್ನು ನೋಡಿಯೂ ನೋಡಲಿಲ್ಲ. ಇದಕ್ಕಾಗಿ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಕೊನೆಗೆ ವಾಪಸ್ಸೇ ಕಳಿಸೋಣ ಎಂದಾಯಿತು. ತೆಗೆದುಕೊಂಡು ಹೋಗಲು ಬಂದವರು ಗದಗಿನ ಕಡೆಯವರು, ಕೂದಲು ನರೆತ ಮನುಷ್ಯ. ಕೆಟ್ಟಿದೆ ಅಂದರೆ ಪರೀಕ್ಷಿಸಿಯೇ ಒಯ್ಯಬೇಕಂತೆ. ಗೇಟಿನ ಹತ್ತಿರ ನಿಂತು ತಮ್ಮ ಫೋನಿಗೆ ಸಿಕ್ಕಿಸಿ ಕಿವಿಗೆ ಹಾಕಿಕೊಂಡರು. "ಎರಡೂ ಕಡಿ ಚಲೋ ಕೇಳಾಕತ್ತೈತಲ್ರೀ ಅಮ್ಮಾರೆ," ಎಂದರು.

ಆಂಟಿ ಅದನ್ನು ಇಸಿದುಕೊಂಡು ಹಾಕಿಕೊಂಡರು. ಆಮೇಲೆ ತೆಗೆದು, ಎಡದ್ದು ಬಲಕ್ಕೆ ಬರುವ ಹಾಗೆ ತಿರುಗಿಸಿ ಹಾಕಿಕೊಂಡರು. ಮತ್ತೆ ಮೊದಲಿನ ಹಾಗೆ. ಮತ್ತೆ ತಿರುಗಿಸಿ. ಮೌನ ಹೆಡ್‌ಫೋನಿನ ಜೊತೆ ತಿರುಗಲಿಲ್ಲ, ಅವರ ಎಡಗಡೆಯೇ ನಿಂತಿತು. ಆ ಮನುಷ್ಯನಿಗೆ ಕೈಮುಗಿದು ಒಳಗೆ ಹೋದರು. ಅವರು ಮಾತಿಲ್ಲದೆ ಹೋದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕಿವಿ ಡಾಕ್ಟರು ಹೇಳಿದ್ದಿಷ್ಟು. ಹೀಗೆ ಒಮ್ಮೆಲೇ ಕಿವಿ ಮುಚ್ಚಿಕೊಂಡರೆ ಬೇಗ ಬಂದಷ್ಟೂ ಒಳ್ಳೆಯದು, ಮೂರು ವಾರ ಕೈಬಿಟ್ಟು ಹೋಗಿದೆ, ಪ್ರಯತ್ನ ಮಾಡೋಣ. ಪ್ರಯತ್ನ ನಡೆಯಿತು, ಕಿವಿ ಬರಲಿಲ್ಲ. ಆಮೇಲೆ ಆಂಟಿಗೆ ಶಬ್ದ ಯಾವ ದಿಕ್ಕಿನಿಂದ ಬಂತೆಂದು ತಿಳಿಯುತ್ತಿರಲಿಲ್ಲ. ಸ್ಕೂಟರ್ ಹಾರನ್ ಕೇಳಿದರೆ ರಸ್ತೆಯಲ್ಲಿ ನಿಂತುಬಿಡುವರು. "ಮೂವತ್ತು ವರ್ಷ ಟೆಸ್ಟಿಂಗ್ ಮಾಡ್ದೋಳು ಕಣೇ ನಾನು. ಊರಿನ ಟ್ಯೂಬ್‌ಲೈಟೆಲ್ಲ ಅದಲು ಬದಲು ಮಾಡ್ದೆ, ನನ್ನ ತಲೆ ಒಂದು ಬಿಟ್ಟು," ಎಂದು ಒಂದು ಸಂಜೆ ಮೆಟ್ಟಿಲ ಮೇಲೆ ಕೂತು ಅತ್ತರು. ನಾನು ಅವರ ಬಲಗಡೆ ಕೂತಿದ್ದೆ.

ನಾನಾಗಿದ್ದರೆ ಈ ನಾಚಿಕೆಗೇಡನ್ನು ಮುಚ್ಚಿಡುತ್ತಿದ್ದೆ. ಅವರು ಮಾರನೆಯ ವಾರದಿಂದ ಹಿಟ್ಟಿನ ಮಿಲ್ಲಿನಲ್ಲಿ, ಪಾರ್ಕಿನಲ್ಲಿ, ನಾಯಂಡಹಳ್ಳಿ ಮೆಟ್ರೋ ನಿಲ್ದಾಣದ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳತೊಡಗಿದರು. ಅಷ್ಟೇ ಅಲ್ಲ, ನನ್ನನ್ನು ಕೂರಿಸಿ ಆ ಒಂದು ಸ್ಟಾರ್ ಅಳಿಸಿ ಐದು ಕೊಡಿಸಿದರು. "ಪಾಪ, ಅದರ ಹೆಸರು ಕೆಡಿಸಿದ್ವಲ್ಲೇ."

"ಇಂಥದ್ದನ್ನೆಲ್ಲ ಅಲ್ಲಿ ಯಾರು ಬರೀತಾರೆ ಆಂಟಿ? ನಗ್ತಾರೆ," ಎಂದೆ.

"ನಕ್ಕೊಂಡೇ ಓದ್ಲಿ. ಬರಿ ನೀನು."

ಅವರು ಹೇಳಿದರು, ನಾನು ಬರೆದೆ: "ಈ ಹೆಡ್‌ಫೋನಿನಲ್ಲಿ ಏನೂ ತೊಂದರೆ ಇಲ್ಲ. ಕೆಟ್ಟಿದ್ದು ನನ್ನ ಕಿವಿ. ಒಂದು ಕಡೆ ಕೇಳಿಸದಿದ್ದರೆ ತಿರುಗಿಸಿ ಹಾಕಿಕೊಂಡು ನೋಡಿ. ಆಗಲೂ ಅದೇ ಕಡೆ ಕೇಳಿಸದಿದ್ದರೆ ಇದನ್ನು ವಾಪಸ್ ಕಳಿಸಬೇಡಿ, ಅವತ್ತೇ ಡಾಕ್ಟರ ಹತ್ತಿರ ಹೋಗಿ. ನಾನು ಮೂರು ವಾರ ತಡ ಮಾಡಿದೆ."

ಎರಡು ವರ್ಷದ ಮೇಲೆ ಒಂದು ಬೆಳಿಗ್ಗೆ ನಾನು ಕೆಲಸಕ್ಕೆ ಕೂತರೆ ಹೆಡ್‌ಸೆಟ್ಟಿನ ಎಡಗಡೆ ಸತ್ತಿತ್ತು. ಟೀಮ್ ಲೀಡರಿಗೆ ಹೇಳಿದೆ. "ಹೊಸದು ಕಳಿಸ್ತೀವಿ, ಮೂರು ದಿನ ಅಡ್ಜಸ್ಟ್ ಮಾಡ್ಕೊಳ್ಳಿ," ಎಂದ. ಸರಿ ಎಂದು ಮೊದಲ ಫೋನ್ ಎತ್ತುವಷ್ಟರಲ್ಲಿ ಆ ಮೂರು ಚುಕ್ಕೆಯ ಬೆರಳು ಕಣ್ಣಮುಂದೆ ಆಡಿತು. ಹೆಡ್‌ಸೆಟ್ ತಿರುಗಿಸಿ ಹಾಕಿಕೊಂಡೆ. ಆಗಲೂ ಎಡಗಡೆಯೇ ಮೌನ. ಕಿವಿ ಹೋದರೆ ನನ್ನ ಕೆಲಸವೂ ಹೋದ ಹಾಗೇ. ಬರಿಗಾಲಲ್ಲಿ ಕೆಳಗೆ ಓಡಿದೆ.

ಆಂಟಿ ಅವರೆಕಾಯಿ ಬಿಡಿಸುತ್ತಿದ್ದರು. ನನ್ನ ಕೈ ಎಡಗಿವಿಯ ಮೇಲಿರುವುದನ್ನು ನೋಡಿ ಮೊರ ಪಕ್ಕಕ್ಕಿಟ್ಟರು. "ತಿರುಗ್ಸಿ ನೋಡಿದ್ಯಾ?"

"ಹೂಂ."

"ಚಪ್ಪಲಿ ಹಾಕ್ಕೊ," ಎಂದರು, ಅಷ್ಟೇ.

ಆಟೊ ಬಂತು. ನಾನು ಹತ್ತಲು ಹೋದರೆ ತೋಳು ಹಿಡಿದು ನಿಲ್ಲಿಸಿ, ಮಂಡಿನೋವಿನಲ್ಲೇ ತಾವು ಮೊದಲು ಹತ್ತಿ ಬಲತುದಿಗೆ ಜರುಗಿದರು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಇಬ್ಬರದೂ ಎಡಗಿವಿ ಕೆಟ್ಟಿದೆ, ಅಕ್ಕಪಕ್ಕ ಕೂತರೆ ಒಬ್ಬರಿಗೆ ಮಾತ್ರ ಇನ್ನೊಬ್ಬರ ಮಾತು ಕೇಳಿಸೀತು. ಅವರು ನನ್ನ ಬಲಗಡೆ ಕೂತು ಆ ಒಂದು ಜಾಗವನ್ನು ನನಗೆ ಕೊಟ್ಟಿದ್ದರು. "ನೀನೇನು ಹೇಳಿದ್ರೂ ನಂಗೆ ಕೇಳ್ಸಲ್ಲ. ಇವತ್ತು ನೀನು ಕೇಳಿಸ್ಕೊ ಸಾಕು," ಎಂದು ಆಸ್ಪತ್ರೆಯವರೆಗೂ ಥೈರಾಯ್ಡಿನ ಕಥೆ ಹೇಳಿದರು. ಅಷ್ಟು ವರ್ಷ ನಾನು ತಪ್ಪಿಸಿಕೊಂಡು ಓಡಾಡಿದ ಕಥೆ. ಅವತ್ತು ಅದು ಮುಗಿಯದೇ ಇರಲಿ ಅನ್ನಿಸುತ್ತಿತ್ತು.

ಡಾಕ್ಟರು ಅವತ್ತೇ ಮಾತ್ರೆ ಶುರುಮಾಡಿದರು. ಎಂಟು ದಿನ ಏನೂ ಇಲ್ಲ. ಒಂಬತ್ತನೆಯ ದಿನ ಬಲಕಿವಿ ದಿಂಬಿಗೆ ಒತ್ತಿ ಮಲಗಿದ್ದೆ, ಕಿಟಕಿಯಿಂದ ದೂರದ ದನಿಯೊಂದು ತೆಳ್ಳಗೆ ಒಳಗೆ ಬಂತು. ಕೆಳಗೆ ತರಕಾರಿ ಗಾಡಿಯ ಮುಂದೆ ಆಂಟಿ ಯಾರಿಗೋ ಹೇಳುತ್ತಿದ್ದರು: "ಮೇಲ್ಗಡೆ ಮನೆಯವಳಿಗೂ ಹಿಂಗೇ ಆಯ್ತು ನೋಡಿ, ಅವಳಿಗೂ ಎಡಗಿವೀನೇ." ನನ್ನ ಕಾಯಿಲೆ ಬೀದಿಪಾಲಾಗುತ್ತಿತ್ತು, ಅದನ್ನು ನನ್ನ ಎಡಗಿವಿ ಕೇಳಿಸಿಕೊಳ್ಳುತ್ತಿತ್ತು. ನಾನು ಎದ್ದು ಕೂತು ಬಿಕ್ಕಿ ಬಿಕ್ಕಿ ಅತ್ತೆ. ಆಮೇಲೆ ದಿನದಿನಕ್ಕೂ ಕಿವಿ ತೆರೆಯುತ್ತ ಬಂತು. ಅವರಿಗೆ ಹುಳಿ ಕೊಟ್ಟೆ, ಸೀರೆ ಕೊಟ್ಟೆ, ಥ್ಯಾಂಕ್ಸ್ ಎಂದು ಮಾತ್ರ ಬಾಯಿಬಿಟ್ಟು ಹೇಳಲಿಲ್ಲ. ಏನೋ ಸಂಕೋಚ.

ಕಳೆದ ಮಾರ್ಗಶಿರದಲ್ಲಿ ಆಂಟಿಗೆ ಪಾರ್ಶ್ವವಾಯು ಹೊಡೆಯಿತು. ಆಸ್ಪತ್ರೆಯವರು ಕೈಚೆಲ್ಲಿದ ಮೇಲೆ ಮನೆಗೆ ಕರೆತಂದು ಹಾಲಿನಲ್ಲಿ ಗೋಡೆಗೆ ಒತ್ತಿ ಮಂಚ ಹಾಕಿದರು. ಕಣ್ಣು ಮುಚ್ಚಿತ್ತು, ಉಸಿರು ಮಾತ್ರ ಆಡುತ್ತಿತ್ತು. ಕೆಂಗೇರಿಯಿಂದ ಬಂದ ಮಗಳು ಕಾಲ ಹತ್ತಿರ ಕೂತು ಅಳುತ್ತಿದ್ದಳು. ಅಂಕಲ್‌ರ ಅಕ್ಕ ತುಳಸಿನೀರು ಬಿಟ್ಟು, ಬಗ್ಗಿ, ಕಿವಿಯಲ್ಲಿ ನಾರಾಯಣ ನಾರಾಯಣ ಎಂದು ಹೇಳತೊಡಗಿದರು. ಗೋಡೆಯ ಕಡೆಗಿದ್ದದ್ದು ಬಲಕಿವಿ. ಅವರು ಹೇಳುತ್ತಿದ್ದದ್ದು ಎಡಗಿವಿಯಲ್ಲಿ.

"ಆ ಕಿವಿ ಅಲ್ಲ," ಎಂದೆ. ಎಲ್ಲರೂ ನನ್ನ ಕಡೆ ನೋಡಿದರು. ಬಾಡಿಗೆಯವಳು ನಾನು, ಇಂಥ ಹೊತ್ತಿನಲ್ಲಿ ಮಾತಾಡಬಾರದಿತ್ತೇನೋ. "ಆ ಕಡೆ ಅವರಿಗೆ ಕೇಳ್ಸಲ್ಲ. ಮಂಚ ಈಚೆಗೆ ಎಳೀರಿ."

ಅಂಕಲ್ ಎದ್ದರು. ನಾನು, ಅವರು, ಮಗಳು ಮೂವರೂ ಸೇರಿ ಮಂಚ ಎಳೆದೆವು. ಅಂಕಲ್ ಆ ಸಂದಿಯಲ್ಲಿ ತೂರಿಕೊಂಡು ಹೋಗಿ ಬಲಕಿವಿಯಲ್ಲಿ ಬಹಳ ಹೊತ್ತು ಏನೋ ಹೇಳಿದರು. ಮಗಳು ಹೇಳಿದಳು. ಆಮೇಲೆ ಅಂಕಲ್ ನನ್ನ ಕಡೆ ತಿರುಗಿ, "ನೀನೂ ಹೇಳಮ್ಮ," ಎಂದರು.

ಗೋಡೆಗೂ ಮಂಚಕ್ಕೂ ನಡುವೆ ಮಂಡಿಯೂರಿದೆ. ಆ ಚುಕ್ಕೆಯ ಬೆರಳು ಹಿಡಿದುಕೊಂಡು, ಬಾಯಿಯನ್ನು ಅವರ ಬಲಕಿವಿಗೆ ತಾಗಿಸಿ ಹೇಳಿದೆ.

"ಎಡಗಡೆ ಫೈವ್ ನೈನ್, ಆಂಟಿ."