ಮೂರು ಸಲ ಹೋಗಿಯೂ ಹೇಳದ ಮದುವೆ

ನನ್ನ ಮಗಳ ಮದುವೆಗೆ ಬಂದವರೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಹೇಳಿದರು. ಹಿಂದಿನ ಕಾಲದ ಮದುವೆಯನ್ನು ಕಣ್ಣೆದುರು ತಂದಿಟ್ಟಿರಿ ಎಂದು. ನಾನು ಹಿಗ್ಗಿ ಹೀರೇಕಾಯಿಯಾಗಿ ತಲೆಯಾಡಿಸಿದೆ. ತಂದಿಟ್ಟದ್ದು ನಿಜ. ಎಲ್ಲಿಂದ ತಂದೆ, ಯಾರನ್ನು ಬಿಟ್ಟು ತಂದೆ ಎಂಬುದನ್ನು ಮಾತ್ರ ಅವತ್ತು ಯಾರಿಗೂ ಹೇಳಲಿಲ್ಲ.

ಮಗಳು ಮಣಿಪಾಲದ ಫ್ಲಾಟಿನಲ್ಲಿ ಬೆಳೆದವಳು. ಬಾವಿಯಿಂದ ಒಂದು ಕೊಡ ನೀರು ಸೇದಿದವಳಲ್ಲ. ಮದುವೆ ನಿಶ್ಚಯವಾದ ಕೂಡಲೇ ಅವಳಿಗೆ ಅಜ್ಜಿಯ ಕಾಲ ಬೇಕಾಯಿತು. ಅವಳೊಬ್ಬಳದೇ ಅಲ್ಲ, ಈಗ ಎಲ್ಲರದೂ ಇದೇ ಕಥೆ. ನಮ್ಮ ಕಾಲದಲ್ಲಿ ಮೇಜು ಕುರ್ಚಿ ಹಾಕಿ ಊಟ ಬಡಿಸಿದವರು ದೊಡ್ಡ ಮನುಷ್ಯರು. ಈಗ ಚಾಪೆ ಹಾಸಿ ನೆಲದ ಮೇಲೆ ಬಾಳೆಎಲೆ ಹಾಕಿದವರು ದೊಡ್ಡವರು. ನನ್ನ ಮದುವೆಯ ಆಲ್ಬಮ್ ತೆಗೆದು ತೋರಿಸಿದೆ. ಪ್ಲಾಸ್ಟಿಕ್ ಹೂವಿನ ಮಂಟಪ, ಅದರ ಸುತ್ತ ಮಿಣಮಿಣ ಬಲ್ಬು. ಅವಳು ಎರಡು ಪುಟ ಮಗುಚಿ ಮುಚ್ಚಿಟ್ಟಳು.

"ನಿಂದು ಹಳತೂ ಅಲ್ಲ, ಹೊಸತೂ ಅಲ್ಲ ಅಮ್ಮ" ಅಂದಳು.

ಕಾಪುವಿನಲ್ಲಿ ಕಡಲ ಬದಿಯ ಒಂದು ಹೆಂಚಿನ ಮನೆಯನ್ನು ಎರಡು ದಿನದ ಮಟ್ಟಿಗೆ ಗೊತ್ತು ಮಾಡಿದೆವು. ಅಲಂಕಾರದ ಕೆಲಸ ವಹಿಸಿಕೊಂಡ ಹುಡುಗಿ ಟ್ಯಾಬ್‌ನಲ್ಲಿ ಚಿತ್ರಗಳನ್ನು ತೋರಿಸಿದಳು. ಥರ್ಮಾಕೋಲಿನ ಹಂಡೆ, ಅದಕ್ಕೆ ತಾಮ್ರದ ಬಣ್ಣ. ಪ್ಲೈವುಡ್ಡಿನ ಹಸೆಮಣೆ. ಯಾರದೋ ಅಜ್ಜ ಅಜ್ಜಿಯ ಹಳೇ ಫೋಟೋ, ಅದೂ ಬಾಡಿಗೆಯದ್ದು. ನನ್ನ ಬಾಯಿ ಸುಮ್ಮನಿರಬೇಕಲ್ಲ.

"ಇದೆಲ್ಲ ಎಂತಕ್ಕೆ? ನನ್ನ ಚಿಕ್ಕಮ್ಮನ ಮನೆಯಲ್ಲಿ ಅಸಲಿಯೇ ಉಂಟು" ಅಂದೆ.

ಚಿಕ್ಕಮ್ಮ ಎಂದರೆ ನನ್ನ ಅಮ್ಮನ ತಂಗಿ. ಅಮ್ಮ ಹೋದ ಮೇಲೆ ಆ ತಲೆಮಾರಿನಲ್ಲಿ ಉಳಿದವರು ಅವರೊಬ್ಬರೇ. ಮದುವೆಯಾಗಿ ನಾಲ್ಕೇ ವರ್ಷಕ್ಕೆ ಗಂಡ ತೀರಿಕೊಂಡರು. ಮಕ್ಕಳಾಗಲಿಲ್ಲ. ಹಾಗೆಂದು ಮೂಲೆ ಹಿಡಿದು ಕೂತವರಲ್ಲ. ಹೊಲಿಗೆ, ಹಪ್ಪಳ, ಸಂಡಿಗೆ ಎಂದು ದುಡಿದು ಕಾರ್ಕಳದಿಂದ ನಿಟ್ಟೆಗೆ ಹೋಗುವ ದಾರಿಯಲ್ಲಿ ಸ್ವಂತ ಮನೆ ಕಟ್ಟಿಸಿದರು. ಮಹಡಿಯಲ್ಲಿ ಇಂಜಿನಿಯರಿಂಗ್ ಓದುವ ಆರು ಹುಡುಗಿಯರನ್ನು ಇಟ್ಟುಕೊಂಡು, ಎಪ್ಪತ್ತು ದಾಟಿದ ಮೇಲೂ ಅವರಿಗೆ ಎರಡು ಹೊತ್ತು ಬೇಯಿಸಿ ಹಾಕುತ್ತಾರೆ. ಪರೀಕ್ಷೆಯಲ್ಲಿ ಫೇಲಾದವಳಿಗೆ ಒಂದು ದೋಸೆ ಹೆಚ್ಚು.

ಮೊದಲ ಸಲ ಹಂಡೆಗೆ ಹೋದೆ. ಚಿಕ್ಕಮ್ಮ ಹಿಂದಿನ ದಿನವೇ ಅದನ್ನು ಹುಣಸೆಹುಳಿ ಹಾಕಿ ತಿಕ್ಕಿಟ್ಟಿದ್ದರು. ಎರಡನೆಯ ಸಲ ಹೋದದ್ದು ಹಸೆಮಣೆಗೆ. ಅವರ ಮದುವೆಗೆಂದು ನನ್ನಜ್ಜ ಹಲಸಿನ ಮರದಲ್ಲಿ ಮಾಡಿಸಿದ ಜೋಡಿ ಮಣೆ ಅದು. ಅಟ್ಟದಿಂದ ಇಳಿಸಿದಾಗ ಎರಡನ್ನೂ ಹಳೇ ಬೆಡ್‌ಶೀಟಿನಲ್ಲಿ ಸುತ್ತಿಟ್ಟದ್ದು ಕಂಡಿತು. ಮೂರನೆಯ ಸಲ ಅವರ ಮದುವೆಯ ಫೋಟೋಕ್ಕೆ. ಅದನ್ನು ದೊಡ್ಡದು ಮಾಡಿಸಿ ಬಾಗಿಲಲ್ಲಿ ನಿಲ್ಲಿಸುವುದೆಂದೂ, ಮಗಳಿಗೆ ಅದರಲ್ಲಿದ್ದ ಹಾಗೆಯೇ ಮಲ್ಲಿಗೆಯ ಜಡೆ ಹಾಕುವುದೆಂದೂ ತೀರ್ಮಾನವಾಗಿತ್ತು. ಚಿಕ್ಕಮ್ಮ ಫೋಟೋವನ್ನು ಮೊಳೆಯಿಂದ ತೆಗೆದು ಸೆರಗಿನಲ್ಲಿ ಗಾಜು ಒರೆಸಿದರು.

"ತೆಗೆದುಕೊಂಡು ಹೋಗು. ಅವರಿಗೂ ಒಂದು ತಿರುಗಾಟ ಆಗ್ತದೆ" ಅಂದರು, ಗಂಡನ ಮುಖ ನೋಡುತ್ತ.

ಆ ದಿನ ನನ್ನ ಚೀಲದಲ್ಲಿ ಮದುವೆಯ ಕಾರ್ಡು ಇತ್ತು. ಕುಂಕುಮದ ಭರಣಿಯೂ ಇತ್ತು, ಕಾರ್ಕಳದಲ್ಲಿ ಬೇರೆ ನಾಲ್ಕು ಮನೆಗಳಿಗೆ ಹೇಳಿಕೆ ಮಾಡಿ ಬಂದಿದ್ದೆ. ನಮ್ಮ ಕಡೆ ಹೇಳಿಕೆ ಎಂದರೆ ಕಾರ್ಡು ತಲುಪಿಸುವುದಲ್ಲ. ಒಳಗೆ ಹೋಗಿ ಕೂತು, ಬೆಲ್ಲ ನೀರು ಕುಡಿದು, ಮನೆಯ ಹೆಂಗಸಿಗೆ ಕುಂಕುಮ ಕೊಟ್ಟು, ಕಾರ್ಡನ್ನು ಕೈಗಿಟ್ಟು, ಮುಂಚಿನ ದಿನವೇ ಬರಬೇಕು ಎಂದು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಒಡಹುಟ್ಟಿದವರೂ ಬರುವುದಿಲ್ಲ. ವಾಟ್ಸಾಪಿನಲ್ಲಿ ಎಷ್ಟೇ ಚಂದದ ಕಾರ್ಡು ಕಳಿಸಿದರೂ ಚಿಕ್ಕಮ್ಮನ ವಯಸ್ಸಿನವರಿಗೆ ಅದು ಹೇಳಿಕೆಯಲ್ಲ, ಸುದ್ದಿ.

ಕಾರ್ಡಿಗೆಂದು ಚೀಲದೊಳಗೆ ಹಾಕಿದ ಕೈಗೆ ಭರಣಿ ಸಿಕ್ಕಿತು. ಕೈ ಅಲ್ಲೇ ನಿಂತಿತು. ಗಂಡ ಇಲ್ಲದವರಿಗೆ ಕುಂಕುಮ ಹೇಗೆ ಕೊಡುವುದು? ಕೊಟ್ಟರೆ ನೋವಾದೀತು. ಕೊಡದೆ ಬರೀ ಕಾರ್ಡು ಕೊಟ್ಟರೆ ಅದು ಇನ್ನೂ ಎದ್ದು ಕಂಡೀತು. ಇಷ್ಟೇ ಆಗಿದ್ದರೆ ನನ್ನನ್ನು ನಾನು ಕ್ಷಮಿಸಿಕೊಳ್ಳುತ್ತಿದ್ದೆನೇನೋ. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಮನೆಯಲ್ಲಿ ಮೊದಲ ಮದುವೆ, ಮಗಳದು, ಶುಭಕಾರ್ಯ. ಇಪ್ಪತ್ತೆಂಟು ವರ್ಷ ಕಚೇರಿಯಲ್ಲಿ ಕೆಲಸ ಮಾಡಿದ, ಶಕುನಗಿಕುನ ಎಂದವರನ್ನು ನೆಟ್ಟಗೆ ಬೈದು ಕಳಿಸುವ ನನ್ನ ತಲೆಯಲ್ಲಿ ಆ ಯೋಚನೆ ಬಂದದ್ದು ಸತ್ಯ. ಯಜಮಾನರ ಜೊತೆ ಇನ್ನೊಂದು ದಿನ ಬಂದು ಹೇಳಿದರಾಯಿತು ಎಂದುಕೊಂಡು ಚೀಲದ ಜಿಪ್ ಎಳೆದೆ. ಚಿಕ್ಕಮ್ಮ ಗೇಟಿನವರೆಗೆ ಬಂದು ನಿಂತರು. ನಾನು ಏನಾದರೂ ಹೇಳುತ್ತೇನೆಂದು ಕಾದರೋ ಏನೋ. ನಾನು ಕಾರು ಹತ್ತಿದೆ. ಆ ಇನ್ನೊಂದು ದಿನ ಬರಲೇ ಇಲ್ಲ.

ಮದುವೆಯ ಬೆಳಿಗ್ಗೆ ಕಾಪುವಿನಲ್ಲಿ ಎಲ್ಲವೂ ಸರಿಯಾಗಿ ನಡೆಯುತ್ತಿತ್ತು. ಬಾಗಿಲಲ್ಲಿ ಹಂಡೆ, ಅದರಲ್ಲಿ ನೀರು, ನೀರಲ್ಲಿ ಹೂವು. ಮಂಟಪದಲ್ಲಿ ಹಲಸಿನ ಮಣೆ. ಅಂಗಳಕ್ಕೆ ಬರುವ ದಣಪೆ ಬಾಗಿಲ ಹತ್ತಿರ ಆಳೆತ್ತರಕ್ಕೆ ಚಿಕ್ಕಮ್ಮ ಮತ್ತು ಚಿಕ್ಕಪ್ಪ. ಹತ್ತೊಂಬತ್ತರ ಚಿಕ್ಕಮ್ಮ ಮಲ್ಲಿಗೆಯ ಜಡೆಯನ್ನು ಮುಂದಕ್ಕೆ ಇಳಿಬಿಟ್ಟು ನೆಲ ನೋಡುತ್ತಿದ್ದರು. ಬಂದವರು ಬಂದವರೇ ಅದರ ಮುಂದೆ ನಿಂತು ಸೆಲ್ಫಿ ತೆಗೆಯುತ್ತಿದ್ದರು. ಆ ಚಿತ್ರವನ್ನು ನಿಲ್ಲಿಸಿದ ಕೆಲಸದವನು ಬಾಗಲಕೋಟೆ ಕಡೆಯವನು, ನಡುವಯಸ್ಸಿನ ಮನುಷ್ಯ. ಹಗ್ಗ ಬಿಗಿದು ಕೈ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದ.

"ಅಕ್ಕಾರ, ಫೋಟೋದಾಗಿನ ಅವ್ವಾರು ಇನ್ನೂ ಅದಾರೇನ್ರಿ?"

"ಇದ್ದಾರೆ" ಅಂದೆ.

"ಬಂದಾರೇನ್ರಿ? ಒಮ್ಮೆ ತೋರಿಸ್ರಿ. ಮುಂಜಾನಿಂದ ಅವರ ಮಾರಿನೇ ನೋಡಾಕತ್ತೀನಿ."

ಆಗ ಗಂಟೆ ಏಳೂವರೆ. ಮುಹೂರ್ತ ಹನ್ನೊಂದು ಕಳೆದ ಮೇಲೆ. ನಿಟ್ಟೆ ರಸ್ತೆಗೆ ಒಂದು ಗಂಟೆಯ ದಾರಿ. ನಾನೇ ಕಾರು ತೆಗೆದುಕೊಂಡು ಹೋಗಿ, ಅವರ ಕಾಲು ಹಿಡಿದು ಕರೆತರಬಹುದಿತ್ತು. ಸಮಯ ಧಾರಾಳವಾಗಿತ್ತು, ಇಲ್ಲವೆಂದು ನಾನು ಯಾವತ್ತೂ ಹೇಳಲಾರೆ. ಆದರೆ ಹೋಗಬೇಕಾದರೆ ಯಾಕೆ ಹೋಗುತ್ತಿದ್ದೇನೆ ಎಂದು ಮನೆಯವರಿಗೆ ಹೇಳಬೇಕಿತ್ತು. ಮಗಳಿಗೆ ಹೇಳಬೇಕಿತ್ತು. ನನ್ನ ಮುಖ ಉಳಿಸಿಕೊಳ್ಳುವುದು ನನಗೆ ದೊಡ್ಡದಾಯಿತು.

"ಅವರಿಗೆ ಕಾಲು ನೋವು. ಬರುವ ಹಾಗಿಲ್ಲ" ಅಂದೆ.

ಒಂದು ಸಲ ಹೇಳಿದ ಮೇಲೆ ಸುಲಭವಾಯಿತು. ಯಜಮಾನರಿಗೆ ಅದನ್ನೇ ಹೇಳಿದೆ. ಎಲ್ಲೂರಿನಿಂದ ಬಂದ ಅತ್ತಿಗೆಗೆ, ಉಡುಪಿಯ ಅಣ್ಣನಿಗೆ, ಜಡೆ ಹಾಕಿಸಿಕೊಳ್ಳುತ್ತ ಅಜ್ಜಿ ಎಲ್ಲಿ ಎಂದು ಕೇಳಿದ ಮಗಳಿಗೂ ಅದನ್ನೇ ಹೇಳಿದೆ. ಕೊನೆಕೊನೆಗೆ ಯಾವ ಕಾಲು ಎಂದು ಕೇಳಿದವರಿಗೆ ಎಡಗಾಲು ಎಂದೂ ಹೇಳಿದೆ.

ಧಾರೆಯ ಹೊತ್ತಿಗೆ ನನಗೆ ನನ್ನದೇ ಮದುವೆ ನೆನಪಾಯಿತು. ಆ ದಿನ ಧಾರೆಯಾಗುವಾಗ ಚಿಕ್ಕಮ್ಮ ಉಗ್ರಾಣದಲ್ಲಿ ತೆಂಗಿನಕಾಯಿಗಳ ನಡುವೆ ಇದ್ದರು. ಯಾರೂ ಅವರನ್ನು ಅಲ್ಲಿಗೆ ಕಳಿಸಿರಲಿಲ್ಲ, ಯಾರೂ ಹೊರಗೆ ಬನ್ನಿ ಎಂದೂ ಕರೆಯಲಿಲ್ಲ. ಅವರಿಗೇ ಗೊತ್ತಿತ್ತು. ನಾನಂತೂ ಹುಡುಕಲಿಲ್ಲ. ಈ ಸಲ ಅವರ ಮಣೆಯ ಮೇಲೆ ನನ್ನ ಮಗಳು ಕೂತಿದ್ದಳು, ಅವರ ಜಡೆ ಮುಡಿದಿದ್ದಳು, ಅವರಿಗೆ ಉಗ್ರಾಣದಲ್ಲೂ ಜಾಗ ಇರಲಿಲ್ಲ. ಅಳು ಬಂತು. ಮಗಳನ್ನು ಕಳಿಸಿಕೊಡುವ ದುಃಖ ಎಂದುಕೊಂಡು ಹೆಂಗಸರು ಬೆನ್ನು ಸವರಿದರು.

ಒಂಬತ್ತನೆಯ ದಿನ ಸಾಮಾನು ಹಿಂದೆ ಕೊಡಲು ಹೋದೆ. ಒಬ್ಬಳೇ. ಹಂಡೆಯ ಒಂದು ಬಳೆಯನ್ನು ನಾನು, ಇನ್ನೊಂದನ್ನು ಮಹಡಿಯ ಹುಡುಗಿಯೊಬ್ಬಳು ಹಿಡಿದು ಮೆಟ್ಟಿಲು ಹತ್ತಿಸುತ್ತಿದ್ದೆವು. ಹುಡುಗಿ ಮಾತುಗಾತಿ.

"ಆಂಟಿ, ಮದುವೆ ದಿನ ಅಜ್ಜಿ ನಮಗೆ ಐದೂವರೆಗೇ ತಿಂಡಿ ಮಾಡಿಟ್ಟಿದ್ರು. ರೇಷ್ಮೆ ಸೀರೆ ಉಟ್ಟು ರೆಡಿಯಾಗಿದ್ರು. ಆಮೇಲೆ ಹೋಗ್ಲೇ ಇಲ್ಲ."

ನಾನು ಹಂಡೆಯನ್ನೇ ನೋಡುತ್ತ ಮೇಲೆ ಹತ್ತಿದೆ.

ಚಿಕ್ಕಮ್ಮ ಮಣೆಗಳ ಸುತ್ತ ಕೈಯಾಡಿಸಿದರು, ಫೋಟೋವನ್ನು ಅದೇ ಮೊಳೆಗೆ ಹಾಕಿದರು, ಜಡೆ ನಿಂತಿತ್ತಾ ಎಂದು ಕೇಳಿದರು. ಮಗಳ ಚಿತ್ರಗಳನ್ನು ಮೊಬೈಲಿನಲ್ಲಿ ಒಂದೊಂದಾಗಿ ನೋಡಿದರು. ಆಮೇಲೆ ಮಾಮೂಲಿ ಧ್ವನಿಯಲ್ಲಿ ಹೇಳಿದರು.

"ಯಾರ‍್ಯಾರೋ ಫೋನು ಮಾಡಿದ್ರು ಮಾರಾಯ್ತಿ. ಎಡಗಾಲು ಹೇಗುಂಟು ಅಂತ. ಈಗ ಅಡ್ಡಿಲ್ಲ, ಎಣ್ಣೆ ತಿಕ್ತಾ ಇದ್ದೇನೆ ಅಂದೆ."

ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. "ಚಿಕ್ಕಮ್ಮ" ಅಂದೆ.

"ಅಲ್ಲ, ನನಗೆ ಸಿಟ್ಟೆಂತ ಇಲ್ಲ" ಅಂದರು. "ಹಿಂದಿನ ಕಾಲದ ಕ್ರಮದ ಮದುವೆ ಅಂತ ನೀನೇ ಹೇಳಿದ್ದೆ. ಆ ಕ್ರಮದಲ್ಲಿ ನಮ್ಮಂಥವರನ್ನು ಎದುರಿಗೆ ಬಿಡುವುದು ಇರ್ಲಿಲ್ಲ ಅಲ್ವಾ. ಅದೂ ಸೇರಿಯೇ ಉಂಟೇನೋ ಅಂದುಕೊಂಡೆ."

ಹೌದು ಎನ್ನಬೇಕಿತ್ತು. ಆ ದಿನ ಚೀಲದೊಳಗೆ ನನ್ನ ಕೈ ಭರಣಿಯ ಮೇಲೆ ನಿಂತಿತ್ತು ಚಿಕ್ಕಮ್ಮ, ನೀವು ಅಂದುಕೊಂಡದ್ದು ಸರಿ ಎನ್ನಬೇಕಿತ್ತು.

"ಛೆ, ಹಾಗಲ್ಲ" ಅಂದೆ. "ಮೂರು ಸಲ ಬಂದಿದ್ದೆನಲ್ಲ, ಹೇಳಿಕೆ ಆಗಿದೆ ಅಂತಲೇ ತಲೆಯಲ್ಲಿತ್ತು. ಮರೆತೇ ಹೋಯ್ತು."

ಅವರ ಮುಖ ಅರಳಿದ್ದನ್ನು ನಾನು ನೋಡಿದೆ. ಅದನ್ನು ನೋಡುವುದೇ ಎಲ್ಲಕ್ಕಿಂತ ಕಷ್ಟವಾಯಿತು.

"ಮರೆತದ್ದಾ? ಹಾಗೆ ಹೇಳು ಮತ್ತೆ. ಮದುವೆ ಮನೆಯಲ್ಲಿ ತಲೆ ನೆಟ್ಟಗಿರ್ತದಾ ಯಾರದಾದರೂ? ನಾನು ಒಂಬತ್ತು ದಿನದಿಂದ ಎಂತೆಂತದೋ ಯೋಚನೆ ಮಾಡಿದೆ, ನೋಡು."

ಚಹಾ ಮಾಡಿದರು. ಮಗಳಿಗೆಂದು ಎತ್ತಿಟ್ಟಿದ್ದ ಸೀರೆ ಕೊಟ್ಟರು. ನಾನು ಹೊರಡಲು ಎದ್ದಾಗ ದೇವರ ಕೋಣೆಗೆ ಹೋಗಿ ಒಂದು ಹಿತ್ತಾಳೆ ತಟ್ಟೆ ತಂದರು. ಅದರಲ್ಲಿ ಕುಂಕುಮ, ಒಂದು ತುಂಡು ಮಲ್ಲಿಗೆ. ತಾವು ಮುಟ್ಟದೆ ತಟ್ಟೆಯನ್ನಷ್ಟೇ ಮುಂದೆ ಚಾಚಿದರು.

"ನೀನೇ ಇಟ್ಟುಕೋ" ಅಂದರು. "ನನ್ನ ಮನೆಯಿಂದ ಹೆಣ್ಣುಮಕ್ಕಳು ಬರಿಗೈಯಲ್ಲಿ ಹೋಗಬಾರದು."

ಕುಂಕುಮ ಹೇಗೆ ಕೊಡುವುದು ಎಂದು ನಾನು ಹೆದರಿದ್ದೆನಲ್ಲ, ಅದಕ್ಕೆ ಅವರು ನಲವತ್ತೈದು ವರ್ಷಗಳ ಹಿಂದೆಯೇ ದಾರಿ ಕಂಡುಕೊಂಡಿದ್ದರು. ನನಗೆ ಗೊತ್ತಿರಲಿಲ್ಲವೇ ಎಂದರೆ, ಗೊತ್ತಿತ್ತು. ಲಂಗ ಉಡುವ ವಯಸ್ಸಿನಿಂದಲೂ ಅವರ ಮನೆಯಿಂದ ಹೊರಡುವಾಗಲೆಲ್ಲ ಅದೇ ತಟ್ಟೆಯಿಂದ ನಾನೇ ತೆಗೆದು ಹಣೆಗೆ ಇಟ್ಟುಕೊಂಡಿದ್ದೆ. ಈ ಸಲವೂ ಇಟ್ಟುಕೊಂಡೆ.